ದ್ವೀಪಕ್ಕೆ ಹೊರಡುವ ಮುನ್ನ



ಮಕ್ಕಳಿಗೆ ರಜೆ ಹತ್ತಿರವಾದಂತೆ ಮನೆಯಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಗಲ್ಫ್‌ನಿಂದ ಅಣ್ಣನೋ ಭಾವನೋ ರಜೆಯಲ್ಲಿ ಬಂದಿದ್ದರಂತೂ ಕೇಳುವುದೇ ಬೇಡ. ಯಾರೋ ಮೊಬೈಲಿನಲ್ಲಿ ಪೆಸಿಫಿಕ್ ಸಾಗರದ ಫಿಜಿ ದ್ವೀಪದ ಚಿತ್ರ ತೋರಿಸುತ್ತಾರೆ. ನೀಲಿ ನೀರು, ಬಿಳಿ ಮರಳು, ಕಡಲಿಗೆ ಬಾಗಿದ ತೆಂಗು. ಮಕ್ಕಳು ಹೋಗೋಣ ಎಂದು ಕುಣಿಯುತ್ತಾರೆ. ಮನೆಮಂದಿಗೆಲ್ಲ ವಿಮಾನದ ಟಿಕೆಟ್ಟಿಗೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿದೊಡನೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಆಸೆಯೇನೂ ತಪ್ಪಲ್ಲ. ಆದರೆ ಆ ಚಿತ್ರದಲ್ಲಿ ಕಾಣದ ಒಂದು ವಿಷಯವಿದೆ. 1879ರಿಂದ 1916ರವರೆಗೆ ಬ್ರಿಟಿಷರು ನಮ್ಮ ದೇಶದ 60 ಸಾವಿರಕ್ಕೂ ಹೆಚ್ಚು ಜನರನ್ನು ಕರಾರಿನ ಕೂಲಿಗಳಾಗಿ ಹಡಗಿನಲ್ಲಿ ಫಿಜಿಗೆ ಸಾಗಿಸಿದರು. ಅವರಲ್ಲಿ ಹಿಂದೂಗಳಿದ್ದರು, ಮುಸ್ಲಿಮರಿದ್ದರು, ಹೆಂಗಸರೂ ಇದ್ದರು. ಕಬ್ಬಿನ ಗದ್ದೆಗಳಲ್ಲಿ ದುಡಿದ ಅವರಲ್ಲಿ ಬಹಳಷ್ಟು ಮಂದಿ ಮತ್ತೆ ಹುಟ್ಟೂರು ಕಾಣಲಿಲ್ಲ. ಆದ್ದರಿಂದ ಯಾವ ದ್ವೀಪಕ್ಕೆ ಹೊರಟರೂ ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ನಮ್ಮ ಸಂತೋಷದ ಬೆಲೆಯನ್ನು ಯಾರು ತೆತ್ತಿದ್ದಾರೆ? ಯಾರು ತೆರುತ್ತಿದ್ದಾರೆ?

ಈ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು, ನಮ್ಮ ಕೈಗೆಟಕುವ ದ್ವೀಪವೊಂದಕ್ಕೆ ಯೋಜನೆ ಹಾಕೋಣ. ಅದಿರುವುದು ಶಿವಮೊಗ್ಗ ಜಿಲ್ಲೆಯಲ್ಲಿ.

ನೀರಿನಿಂದಾದ ದ್ವೀಪ

ಸಾಗರ ತಾಲೂಕಿನಲ್ಲಿ ಶರಾವತಿ ನದಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರು ಸಾಗರ ಮತ್ತು ಹೊಸನಗರ ತಾಲೂಕುಗಳ ಕಣಿವೆಗಳನ್ನು ತುಂಬಿತು. ಗದ್ದೆ, ಅಡಿಕೆ ತೋಟ, ಮನೆ, ಬಾವಿ ಎಲ್ಲವೂ ನೀರಿನಡಿಗೆ ಹೋದವು. 1948ರಲ್ಲಿ ಮುಗಿದಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಮುಳುಗಿತು. ಕಡು ಬೇಸಿಗೆಯಲ್ಲಿ ನೀರಿಳಿದಾಗ ಅದು ಮತ್ತೆ ಎದ್ದು ಕಾಣುತ್ತದೆ.

ಊರು ಕಳೆದುಕೊಂಡವರು ಜಿಲ್ಲೆಯ ಬೇರೆ ಬೇರೆ ಕಡೆ, ಕಾಡಂಚಿನಲ್ಲಿ ಹೊಸದಾಗಿ ಬದುಕು ಕಟ್ಟಿದರು. ಅವರ ಮಕ್ಕಳು ಮೊಮ್ಮಕ್ಕಳು ಕೂಡ ಜಮೀನಿನ ಹಕ್ಕುಪತ್ರಕ್ಕಾಗಿ ಅಲೆಯಬೇಕಾಯಿತು. ಎತ್ತರದಲ್ಲಿದ್ದುದರಿಂದ ಮುಳುಗದೆ ಉಳಿದ ಊರುಗಳ ಪಾಡು ಬೇರೆ. ತುಮರಿ ಸುತ್ತಲಿನ ಕರೂರು, ಬಾರಂಗಿ ಹೋಬಳಿಗಳಿಗೆ ಒಂದೆಡೆ ಹಿನ್ನೀರು, ಇನ್ನೊಂದೆಡೆ ಘಟ್ಟದ ಕಾಡು. ಭೂಪಟದಲ್ಲಿ ಅದು ಪೂರ್ತಿ ದ್ವೀಪವಲ್ಲ. ಆದರೆ ತಾಲೂಕು ಕೇಂದ್ರದಿಂದ ಕಡಿದುಹೋದ ಜನರ ಪಾಲಿಗೆ ಅದು ದ್ವೀಪವೇ ಆಗಿತ್ತು.

ಸಾಗರಕ್ಕೆ ಹೋಗಬೇಕಾದರೆ ಲಾಂಚ್ ಕಾಯಬೇಕಿತ್ತು. ಜನ, ಬೈಕು, ಕಾರು, ಬಸ್ಸುಗಳನ್ನು ಹೊತ್ತು ಸಾಗುತ್ತಿದ್ದ ಆ ಲಾಂಚ್‌ನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದು ನಮ್ಮಂಥ ಪ್ರವಾಸಿಗರಿಗೆ ಮೋಜಾಗಿತ್ತು. ಆದರೆ ಕತ್ತಲಾದ ಮೇಲೆ ಲಾಂಚ್ ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುವುದನ್ನು ನಿಲ್ಲಿಸಬೇಕಾಗುತ್ತಿತ್ತು. ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣಿನ ಸ್ಥಿತಿಯನ್ನು ಒಮ್ಮೆ ಊಹಿಸಿ. ಮಗುವಿನ ಮೈ ಸುಡುತ್ತಿರುವಾಗ ಬೆಳಗಿನ ಲಾಂಚಿಗಾಗಿ ಕಾದು ಕುಳಿತ ತಾಯಿಯನ್ನು ನೆನೆಯಿರಿ. ನಮ್ಮ ಮನೆಯ ಮಿಕ್ಸಿ, ಫ್ಯಾನು ತಿರುಗುವ ವಿದ್ಯುತ್ತಿನಲ್ಲಿ ಆ ತಾಯಂದಿರ ಪಾಲೂ ಇದೆ.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ 2.44 ಕಿ.ಮೀ. ಉದ್ದದ ಕೇಬಲ್ ಸೇತುವೆಯ ಉದ್ಘಾಟನೆಯಾಯಿತು. ಅಣೆಕಟ್ಟು ಮುಗಿದು 61 ವರ್ಷಗಳಾದ ಮೇಲೆ! ಈಗ ಕೆಲವೇ ನಿಮಿಷಗಳಲ್ಲಿ ಆಚೆ ದಡ ಸೇರಬಹುದು. ಆ ಜನ ಎದುರು ನೋಡುತ್ತಿದ್ದ ಸೇತುವೆಯನ್ನು ನಾವು ವಾಹನ ನಿಲ್ಲಿಸಿ ಗಲಾಟೆ ಮಾಡುವ, ತಿಂದ ಪೊಟ್ಟಣ ಎಸೆಯುವ ಜಾಗವನ್ನಾಗಿ ಮಾಡಬಾರದು.

ಮೂರು ದಿನದ ಯೋಜನೆ

ದಸರಾ ರಜೆ ಇದಕ್ಕೆ ಒಳ್ಳೆಯ ಸಮಯ. ಜಡಿಮಳೆ ಕಡಿಮೆಯಾಗಿರುತ್ತದೆ, ಹಿನ್ನೀರು ತುಂಬಿರುತ್ತದೆ, ಕಾಡು ಹಸಿರಾಗಿರುತ್ತದೆ. ಬೆಂಗಳೂರು, ಮೈಸೂರಿನ ಕಡೆಯವರು ರೈಲಿನಲ್ಲಿ ಸಾಗರ ಅಥವಾ ತಾಳಗುಪ್ಪದವರೆಗೆ ಬರಬಹುದು. ಕರಾವಳಿಯವರಿಗೆ ಆಗುಂಬೆ ಘಾಟಿ ಇದೆ, ಕುಂದಾಪುರದವರಿಗೆ ಬಾಳೆಬರೆ ಘಾಟಿ ಹತ್ತಿರ.

ಮೊದಲ ದಿನ ಜೋಗ. 253 ಮೀಟರ್ ಎತ್ತರದಿಂದ ಧುಮುಕುವ ಶರಾವತಿಯನ್ನು ನೋಡಿ ಸಾಗರದಲ್ಲಿ ತಂಗಬಹುದು.

ಎರಡನೆಯ ದಿನ ಹಿನ್ನೀರಿನ ಕಡೆಗೆ. ದೋಣಿಗೆ ಹುಟ್ಟು ಹಾಕುವುದನ್ನು ಕಲಿಯುವ ಆಸೆ ಮಕ್ಕಳಿಗಿದ್ದರೆ ಹೊನ್ನೆಮರಡು ಇದೆ. ಅಲ್ಲಿ ನೀರಿನ ನಡುವೆ ಪುಟ್ಟ ನಡುಗಡ್ಡೆಯೂ ಇದೆ. ಮೊದಲೇ ವಿಚಾರಿಸಿ, ಒಪ್ಪಿಗೆ ಪಡೆದೇ ಹೋಗಬೇಕು. ಸೇತುವೆ ದಾಟಿ ತುಮರಿ ಕಡೆ ಹೋದರೆ ಊರಿನವರ ಮನೆಯಲ್ಲೇ ಉಳಿಯುವ, ಉಣ್ಣುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸಿ. ನಮ್ಮ ಹಣ ಆ ಊರಿನ ಒಲೆಗೆ ಸೇರಲಿ. ಹಲಾಲ್ ಮಾಂಸದ ಚಿಂತೆಯೂ ಬೇಡ. ಅಕ್ಕಿ ರೊಟ್ಟಿ, ಕಳಲೆ ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ ಇರುವ ಮಲೆನಾಡಿನ ಊಟಕ್ಕೆ ಮಾಂಸದ ನೆನಪೇ ಬರುವುದಿಲ್ಲ. ಸಿಗಂದೂರಿಗೆ ಹೋಗುವ ಭಕ್ತರಿಂದ ಆ ದಾರಿ ಸದಾ ತುಂಬಿರುತ್ತದೆ. ಅವರಿಗೆ ತೊಂದರೆಯಾಗದಂತೆ ನಡೆದುಕೊಳ್ಳಿ.

ಮೂರನೆಯ ದಿನ ಹೊಸನಗರ ತಾಲೂಕಿನ ನಗರ. ಹಿಂದೆ ಇದು ಬಿದನೂರು, ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರ್ ಅಲಿ ಇದನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟರು. ಕೆಳದಿಯ ಅರಸರೂ ಹೋದರು, ಹೈದರರೂ ಹೋದರು. ಮಳೆಯಲ್ಲಿ ನೆನೆಯುವ ಕೋಟೆಯೂ ‘ನಗರ’ ಎಂಬ ಅರ್ಧ ಹೆಸರೂ ಉಳಿದವು. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಗತಿಯನ್ನು ನೋಡಲು ಕುರ್‌ಆನ್ ಏಕೆ ಹೇಳುತ್ತದೆಂದು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಅಲ್ಲಿಂದ ತೀರ್ಥಹಳ್ಳಿಗೆ ಬಂದು ಶಿವಮೊಗ್ಗ ರಸ್ತೆ ಹಿಡಿದರೆ ಮಂಡಗದ್ದೆ ಸಿಗುತ್ತದೆ. ತುಂಗಾ ನದಿಯ ನಡುವಿನ ಪುಟ್ಟ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಮಳೆಗಾಲದಲ್ಲಿ ಗೂಡು ಕಟ್ಟುತ್ತವೆ. ಅದು ಹಕ್ಕಿಗಳ ದ್ವೀಪ. ದಡದಲ್ಲಿ ನಿಂತು ಸದ್ದಿಲ್ಲದೆ ನೋಡಿ ಬರಬೇಕು.

ಎಚ್ಚರಿಕೆ ಇರಲಿ

ಹಿನ್ನೀರು ಸಮತಟ್ಟಾಗಿ, ಶಾಂತವಾಗಿ ಕಾಣುತ್ತದೆ. ಅಡಿಯಲ್ಲಿ ಮುಳುಗಿದ ಮರಗಳ ಬೊಡ್ಡೆ, ಕೆಸರು, ಒಮ್ಮೆಲೇ ಆಳವಾಗುವ ಜಾಗಗಳಿರುತ್ತವೆ. ಮಕ್ಕಳನ್ನು ನೀರಿಗೆ ಬಿಡಬೇಡಿ. ದೋಣಿ ಹತ್ತುವುದಾದರೆ ಎಲ್ಲರೂ ಲೈಫ್ ಜಾಕೆಟ್ ಧರಿಸಲೇಬೇಕು. ಬುರ್ಖಾ ತೊಟ್ಟವರು ಅದರ ಮೇಲೆಯೇ ಬಿಗಿಯಾಗಿ ಕಟ್ಟಿಕೊಳ್ಳಿ, ಸಂಕೋಚಪಡಬೇಡಿ.

ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಕಾಡಿನ ಉಣ್ಣೆ ಹುಳದ ಕಡಿತದಿಂದ ಬರುತ್ತದೆ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಹಲವರ ಪ್ರಾಣ ತೆಗೆಯಿತು. ಬೇಸಿಗೆ ರಜೆಯಲ್ಲೇ ಹೋಗುವುದಾದರೆ ಕಾಡಿನೊಳಗೆ ಹೋಗಬೇಡಿ, ತರಗೆಲೆಯ ಮೇಲೆ ಕೂರಬೇಡಿ, ಮಂಗ ಸತ್ತುಬಿದ್ದ ಕಡೆ ಸುಳಿಯಬೇಡಿ. ಹಿಂದಿರುಗಿದ ವಾರ ಹತ್ತು ದಿನಗಳಲ್ಲಿ ಜೋರು ಜ್ವರ, ತಲೆನೋವು ಬಂದರೆ ಎಲ್ಲಿಗೆ ಹೋಗಿದ್ದಿರೆಂದು ವೈದ್ಯರಿಗೆ ತಪ್ಪದೆ ಹೇಳಿ. ಮಳೆಗಾಲದಲ್ಲಿ ಇಂಬಳದ ಕಾಟ. ಅದು ರಕ್ತ ಹೀರುತ್ತದೆ, ಜೀವಕ್ಕೆ ಅಪಾಯವಿಲ್ಲ. ಒಂದು ಚೀಟಿ ಉಪ್ಪು ಜೊತೆಗಿರಲಿ.

ನಮಾಝ್‌ಗೆ ಮುಸಲ್ಲಾ, ವುಝೂಗೆ ಒಂದು ಕ್ಯಾನು ನೀರು ವಾಹನದಲ್ಲಿರಲಿ. ಪ್ರಯಾಣಿಕರಿಗೆ ನಮಾಝ್‌ನಲ್ಲಿ ಅಲ್ಲಾಹನು ನೀಡಿದ ರಿಯಾಯಿತಿಯನ್ನು ಮನೆಯವರಿಗೆಲ್ಲ ಮೊದಲೇ ತಿಳಿಸಿಕೊಡಿ.

ಅಮ್ಮನಿಗೂ ರಜೆಯೇ?

ಈಗ ಅದೇ ಪ್ರಶ್ನೆಯನ್ನು ನಮ್ಮ ಮನೆಯೊಳಗೂ ಕೇಳೋಣ. ಪ್ರವಾಸದ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಚಪಾತಿ ಕಟ್ಟುವವರು ಯಾರು? ದಾರಿಯಲ್ಲಿ ಮಗು ವಾಂತಿ ಮಾಡಿದರೆ ಒರೆಸುವವರು? ವಾಪಸಾದ ದಿನ ಒಗೆಯುವ ಬಟ್ಟೆಯ ರಾಶಿಯ ಮುಂದೆ ನಿಲ್ಲುವವರು? ಬಹಳ ಮನೆಗಳಲ್ಲಿ ಪ್ರವಾಸವೆಂದರೆ ಅಡುಗೆಮನೆಯನ್ನೇ ಬೇರೆ ಊರಿಗೆ ಸಾಗಿಸುವುದು.

ಸಾಗರದಲ್ಲೇ ಬಾಳಿ 2025ರ ಜನವರಿಯಲ್ಲಿ ನಮ್ಮನ್ನಗಲಿದ ಸಾಹಿತಿ ನಾ. ಡಿಸೋಜ ಈ ಮುಳುಗಡೆಯ ನೋವನ್ನು ಕಾದಂಬರಿಗಳಾಗಿ ಬರೆದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಚಲನಚಿತ್ರ ಮಾಡಿದರು. ಅದರಲ್ಲಿ ನೀರು ಸುತ್ತುವರಿದ ಮನೆಯನ್ನು ಸೊಸೆ ನಾಗಿ ಕಷ್ಟಪಟ್ಟು ಉಳಿಸುತ್ತಾಳೆ. ಆದರೆ ಅವಳು ಪಟ್ಟ ಪಾಡು ಗಂಡನ ಕಣ್ಣಿಗೆ ಬೀಳುವುದೇ ಇಲ್ಲ. ಮನೆಯವರನ್ನು ಕೂರಿಸಿಕೊಂಡು ನೋಡಬೇಕಾದ ಚಿತ್ರ ಅದು.

ಆದ್ದರಿಂದ ಸಹೋದರಿಯರೇ, ರೈಲಿನ ಟಿಕೆಟ್ ಬುಕ್ ಮಾಡುವ ಮೊದಲು ಒಂದು ರಾತ್ರಿ ಊಟದ ನಂತರ ಮನೆಯವರನ್ನೆಲ್ಲ ಕೂರಿಸಿ ಒಂದು ಹಾಳೆ ತೆಗೆದುಕೊಳ್ಳಿ. ಬ್ಯಾಗು ತುಂಬುವವರು, ಬುತ್ತಿ ಕಟ್ಟುವವರು, ಮಕ್ಕಳನ್ನು ನೋಡಿಕೊಳ್ಳುವವರು, ಬಂದ ಮೇಲೆ ಬಟ್ಟೆ ಒಗೆಯುವವರು ಎಂದು ಬರೆದು ಪ್ರತಿಯೊಂದರ ಮುಂದೆ ಹೆಸರು ಹಾಕಿ. ಎಲ್ಲ ಕಡೆ ನಿಮ್ಮದೊಂದೇ ಹೆಸರು ಬಂದರೆ ಪತಿಯ ಕೈಗೆ, ಬೆಳೆದ ಗಂಡು ಮಕ್ಕಳ ಕೈಗೆ ಪೆನ್ನು ಕೊಡಿ. ಅವರ ಹೆಸರುಗಳೂ ಆ ಹಾಳೆಗೆ ಬಿದ್ದ ಮೇಲೆ ಹೊರಡುವ ದಿನ ಗೊತ್ತುಮಾಡಿ.