ಇಸ್ತಾಂಬುಲ್ ನೋಡಿದ ಮಕ್ಕಳಿಗೆ ಸಾವನದುರ್ಗವೂ ಗೊತ್ತಿರಲಿ

ಗಲ್ಫಿನಿಂದ ರಜೆ ಸಿಕ್ಕಿದರೆ ನಮ್ಮವರು ಈಗ ಮಕ್ಕಳನ್ನು ಕಟ್ಟಿಕೊಂಡು ಟರ್ಕಿಗೂ ಹೋಗಿ ಬರುತ್ತಾರೆ. ಹೋಗಲಿ, ಒಳ್ಳೆಯದೇ. ಆದರೆ ಟೋಪ್‌ಕಾಪಿ ಅರಮನೆಯ ಫೋಟೊ ತೋರಿಸುವ ಮಕ್ಕಳಿಗೆ ಮಾಗಡಿ ಎಲ್ಲಿದೆಯೆಂದೇ ಗೊತ್ತಿಲ್ಲ. ಮೈಸೂರು ಕಡೆಯಿಂದ ಬೆಂಗಳೂರಿಗೆ ಹೋದರೂ ಹೊಸ ಎಕ್ಸ್‌ಪ್ರೆಸ್‌ವೇ ಚನ್ನಪಟ್ಟಣ, ರಾಮನಗರಗಳನ್ನು ಬದಿಗಿಟ್ಟು ಸಾಗುತ್ತದೆ.

ಒಂದು ದಿನ ಅಲ್ಲಿ ಇಳಿಯೋಣ. ಚನ್ನಪಟ್ಟಣದಲ್ಲಿ ಹಾಲೆಮರ ಕಡೆದು ಅರಗಿನ ಬಣ್ಣ ಹಚ್ಚುವುದನ್ನು ಮಕ್ಕಳು ನೋಡಲಿ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ತೋರಿಸಿ, ಮೈಸೂರು ಸೀಮೆಯಲ್ಲಿ ರೇಷ್ಮೆಗೆ ಬುನಾದಿ ಹಾಕಿದ್ದು ಟಿಪ್ಪು ಸುಲ್ತಾನ್ ಎಂದು ಹೇಳಿಕೊಡೋಣ. ಮಾಗಡಿಯಲ್ಲಿ ಕೆಂಪೇಗೌಡರ ಕೋಟೆಯಿದೆ. ಹತ್ತಿರದ ಸಾವನದುರ್ಗವನ್ನು 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಕಿತ್ತುಕೊಂಡಿತು.

ಟಿಪ್ಪು ಹೆಸರಲ್ಲಿ ವಾದಕ್ಕಿಳಿಯಲು ನಾವೆಲ್ಲ ಮುಂದು. ಆ ಬಂಡೆ ನೋಡಿದವರು ಎಷ್ಟು ಮಂದಿ? ಕಣ್ಣಾರೆ ಕಂಡ ಮಗು, ಶಾಲೆಯಲ್ಲಿ ಯಾರಾದರೂ ಕೆಣಕಿದರೆ ಜಗಳವಾಡದೆ ಉತ್ತರ ಹೇಳುತ್ತದೆ. ಈ ರಜೆಯಲ್ಲಿ ಅದಕ್ಕೊಂದು ದಿನ ತೆಗೆದಿಡಿ.