ಸಂಬಳವಿಲ್ಲದ ಗುಡ್ಡ

ಹಿಮದ ಮೇಲೆ ಜಾರುವ ಆಟ ಅಂದರೆ ಮುಂಬಯಿಯವರಾದ ನಮಗೆ ನೆನಪಾಗುವುದು ಎರಡೇ. ಒಂದು, ಗುಲ್ಮಾರ್ಗ್ ಪ್ರವಾಸದಲ್ಲಿ ಗೊಂಡೋಲಾಕ್ಕೆ ನಿಂತ ಕ್ಯೂ. ಇನ್ನೊಂದು, ಮಾಲ್‌ನೊಳಗಿನ ಕೃತಕ ಹಿಮ. ಬಾಡಿಗೆ ಜಾಕೆಟ್ ಹಾಕಿಕೊಂಡು ಒಳಗೆ ಸ್ವಲ್ಪ ಹೊತ್ತು ನಡುಗುವುದು, ಹೊರಗೆ ಬಂದು ಬೆವರು ಒರೆಸಿಕೊಳ್ಳುವುದು. ಎರಡೂ ಕಡೆ ನಾವು ಗಿರಾಕಿಗಳು. ದುಡ್ಡು ಕೊಟ್ಟೆವು, ಜಾರಿದೆವು, ಫೋಟೊ ತೆಗೆದೆವು, ಮುಗಿಯಿತು. ಆ ಇಳಿಜಾರನ್ನು ಯಾರು ಸರಿ ಮಾಡಿದರು, ಯಂತ್ರ ಕೆಟ್ಟರೆ ಯಾರು ಓಡಿ ಬರುತ್ತಾರೆ ಅಂತ ಕೇಳುವ ಅಗತ್ಯವೇ ಬೀಳುವುದಿಲ್ಲ.

ನನ್ನ ತಂಡದಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಕೂತು ಕೆಲಸ ಮಾಡುವ ಒಬ್ಬ ಸಹೋದ್ಯೋಗಿ ಇದ್ದಾನೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಶನಿವಾರ ಅವನನ್ನು ಯಾರೂ ಕರೆಯುವಂತಿಲ್ಲ, ಸರ್ವರ್ ಬಿದ್ದರೂ ಸರಿ. ಊರಿನ ಸ್ಕೀ ಗುಡ್ಡದಲ್ಲಿ ಅವನಿಗೆ ಡ್ಯೂಟಿ. ಎಷ್ಟು ಕೊಡುತ್ತಾರೆ ಅಂತ ಒಮ್ಮೆ ಕೇಳಿದೆ. ‘ಸೂಪ್ ಕೊಡುತ್ತಾರೆ’ ಅಂದ.

ಕುತೂಹಲಕ್ಕೆ ಹುಡುಕಿ ಓದಿದೆ. ಆ ರಾಜ್ಯದ ಈಸ್ಟ್ ಕೊರಿಂತ್ ಎಂಬ ಹಳ್ಳಿಯಲ್ಲಿ ನಾರ್ತ್‌ಈಸ್ಟ್ ಸ್ಲೋಪ್ಸ್ ಅಂತ ಒಂದು ಗುಡ್ಡ 1936ರಿಂದ ಇದೆ. ನಡೆಸುವವರೆಲ್ಲ ಊರಿನವರೇ, ಸ್ವಯಂಸೇವಕರು. ಇಂಥ ಗುಡ್ಡಗಳಲ್ಲಿ ಜನರನ್ನು ಮೇಲಕ್ಕೆ ಒಯ್ಯಲು ಕುರ್ಚಿಯೂ ಇರುವುದಿಲ್ಲ, ಕ್ಯಾಬಿನ್ನೂ ಇರುವುದಿಲ್ಲ. ಕೆಳಗೊಂದು ಎಂಜಿನ್, ಮೇಲೊಂದು ಗಾಲಿ, ನಡುವೆ ಸುತ್ತುತ್ತಲೇ ಇರುವ ಉದ್ದ ಹಗ್ಗ. ಬಾವಿಯ ರಾಟೆಯನ್ನು ಮಲಗಿಸಿದ ಹಾಗೆ. ಹಗ್ಗ ಹಿಡಿದುಕೊಂಡರೆ ಅದೇ ಎಳೆದುಕೊಂಡು ಹೋಗುತ್ತದೆ, ಮೇಲೆ ಮುಟ್ಟಿದಾಗ ಬಿಟ್ಟರಾಯಿತು. ಅಮೆರಿಕದಲ್ಲಿ ಇಂಥ ಮೊದಲ ಹಗ್ಗ ಸುತ್ತಿದ್ದು 1934ರಲ್ಲಿ, ಅದೇ ವರ್ಮಾಂಟ್‌ನ ವುಡ್‌ಸ್ಟಾಕ್‌ನಲ್ಲಿ, ಒಬ್ಬ ರೈತನ ಹೊಲದಲ್ಲಿ. ತಿರುಗಿಸಿದ್ದು ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್. ನಮ್ಮಲ್ಲಿ ಹಳೇ ಡೀಸೆಲ್ ಎಂಜಿನ್‌ನಿಂದ ಕಬ್ಬಿನ ಗಾಣ ತಿರುಗಿಸುತ್ತಿದ್ದರಲ್ಲ, ಅದೇ ಬುದ್ಧಿ.

ಇನ್ನೊಂದು ಕತೆ ಇನ್ನೂ ಚೆನ್ನಾಗಿದೆ. ರಿಚ್ಮಂಡ್ ಎಂಬ ಊರಿನಲ್ಲಿ ಕಾಕ್ರನ್ ದಂಪತಿ 1961ರಲ್ಲಿ ಮನೆಯ ಹಿಂದಿನ ಗುಡ್ಡಕ್ಕೆ ಇಂಥದ್ದೇ ಹಗ್ಗ ಹಾಕಿದರು, ತಮ್ಮ ನಾಲ್ಕು ಮಕ್ಕಳಿಗಾಗಿ. ಆಮೇಲೆ ನೆರೆಹೊರೆಯ ಮಕ್ಕಳೂ ಬರತೊಡಗಿದರು. ಮಗಳು ಬಾರ್ಬರಾ ಆ್ಯನ್ 1972ರ ಸಪೊರೊ ಒಲಿಂಪಿಕ್ಸ್‌ನಲ್ಲಿ ಸ್ಲಾಲಂ ಚಿನ್ನ ಗೆದ್ದರು. ಅವರ ತಂಗಿಯ ಮಗ ರಯಾನ್ 2022ರ ಬೀಜಿಂಗ್‌ನಲ್ಲಿ ಬೆಳ್ಳಿ ತಂದ. ಹಿತ್ತಲ ಗುಡ್ಡ ಈಗ ಲಾಭರಹಿತ ಸಂಸ್ಥೆ.

ಇದನ್ನು ಓದುವಾಗ ನನಗೆ ಕೊಡಗಿನ ತೆಕ್ಕಡ ಭವಾನಿ ನೆನಪಾದರು. ಹಿಮವೇ ಬೀಳದ ನಾಡಿನಿಂದ ಹೋಗಿ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಕಲಿತು, 2025ರಲ್ಲಿ ಚಿಲಿ ದೇಶದ ಅಂತರರಾಷ್ಟ್ರೀಯ ರೇಸ್‌ನಲ್ಲಿ ಕಂಚು ಗೆದ್ದವರು. ಒಬ್ಬಳಿಗೆ ಗುಡ್ಡ ಹಿತ್ತಲಲ್ಲೇ ಇತ್ತು, ಇನ್ನೊಬ್ಬರು ಕಾಲಿಗೆ ಸ್ಕೀ ಕಟ್ಟಿಕೊಳ್ಳಲಿಕ್ಕೇ ದೇಶದ ಇನ್ನೊಂದು ತುದಿಗೆ ಹೋಗಬೇಕಾಯಿತು. ಪ್ರತಿಭೆ ಎಲ್ಲ ಕಡೆ ಹುಟ್ಟುತ್ತದೆ, ಸರಿ. ಹತ್ತಿರದಲ್ಲಿ ಒಂದು ಗುಡ್ಡ ಬೇಕಲ್ಲ?

ಮುಂಬಯಿಯಲ್ಲಿ ಹಿಮವಿಲ್ಲ, ಆದರೆ ಬಂಡೆ ಇದೆ. ಮತ್ತು ಆ ಬಂಡೆಗಳ ಸುತ್ತ ಥೇಟ್ ವರ್ಮಾಂಟ್ ಮಾದರಿಯ ಜನವೂ ಇದ್ದಾರೆ. ‘ಗಿರಿವಿಹಾರ’ ಇಲ್ಲಿನ ಅತ್ಯಂತ ಹಳೆಯ ಪರ್ವತಾರೋಹಣ ಕ್ಲಬ್, ಹುಟ್ಟಿದ್ದು 1954ರಲ್ಲಿ. ಹಿಮಾಲಯಕ್ಕೆ ಹೋಗುವವರೂ ಸಹ್ಯಾದ್ರಿಯ ಕೋಟೆಗಳನ್ನು ಸುತ್ತುವವರೂ ಅದರಲ್ಲಿದ್ದಾರೆ. ನನಗೆ ಹೆಚ್ಚು ಹಿಡಿಸಿದ್ದು ಅವರು ಬೇಲಾಪುರದಲ್ಲಿ ಮಾಡಿದ ಕೆಲಸ. ಹಾರ್ಬರ್ ಲೈನಿನಲ್ಲಿ ಪನ್ವೇಲ್ ಕಡೆ ಹೋಗುವವರಿಗೆ ಸಿಬಿಡಿ ಬೇಲಾಪುರ ಅಂದರೆ ಗಾಜಿನ ಕಚೇರಿಗಳು. ಅದರ ಬೆನ್ನಿಗೇ ಗುಡ್ಡದ ಸಾಲು. ಚಾರ್ಲ್ಸ್ ಕೊರಿಯಾ 80ರ ದಶಕದಲ್ಲಿ ಕಟ್ಟಿದ ಆರ್ಟಿಸ್ಟ್ ವಿಲೇಜ್ ಇರುವುದು ಅದರ ಬುಡದಲ್ಲಿ. ಅಲ್ಲಿನ ಬಂಡೆಗಳ ಮೇಲೆ ಗಿರಿವಿಹಾರದವರು 2000ದ ದಶಕದಲ್ಲಿ ವರ್ಷಕ್ಕೊಂದು ಆರೋಹಣ ಸ್ಪರ್ಧೆ ಶುರುಮಾಡಿದರು. ದೇಶದ ಬೇರೆಬೇರೆ ಕಡೆಯಿಂದ ಹುಡುಗ ಹುಡುಗಿಯರು ಬರತೊಡಗಿದರು.

ಇದಕ್ಕೆ ಬೋಲ್ಡರಿಂಗ್ ಅನ್ನುತ್ತಾರೆ. ಹಗ್ಗವಿಲ್ಲ. ಬಂಡೆ ಎತ್ತರವೇನಲ್ಲ, ಎರಡಾಳು ಮೂರಾಳು. ಬಿದ್ದರೆ ಕೆಳಗೆ ದಪ್ಪ ಹಾಸಿಗೆಯಂಥ ಕ್ರ್ಯಾಶ್ ಪ್ಯಾಡ್. ನಮ್ಮ ಹಂಪಿ ಈ ಆಟಕ್ಕೆ ಜಗತ್ಪ್ರಸಿದ್ಧ. 2003ರ ‘ಪಿಲ್ಗ್ರಿಮೇಜ್’ ಎಂಬ ಚಿತ್ರದಲ್ಲಿ ಕ್ರಿಸ್ ಶರ್ಮಾ ಎಂಬ ಅಮೆರಿಕನ್ ಆರೋಹಿ ಹಂಪಿಯ ಬಂಡೆಗಳನ್ನು ಹತ್ತಿದ ಮೇಲಂತೂ ಬೆನ್ನಿಗೆ ಹಾಸಿಗೆ ಕಟ್ಟಿಕೊಂಡ ವಿದೇಶಿಯರು ಅಲ್ಲಿ ಸಾಮಾನ್ಯ ನೋಟವಾದರು. ಹಂಪಿಯದು ಗ್ರಾನೈಟ್, ಬೆರಳಿಗೆ ಒರಟು. ಇಲ್ಲಿಯದು ಲಾವಾ ಆರಿ ಆದ ಕಪ್ಪು ಕಲ್ಲು. ಮಳೆಗಾಲ ಮುಗಿದ ಮೇಲೆ ಪಾಚಿ ಕೆರೆಯಬೇಕು, ಯಾವ ತುಂಡು ಸಡಿಲವಾಗಿದೆ ಅಂತ ತಟ್ಟಿ ನೋಡಬೇಕು, ಎಲ್ಲಿ ಶುರು ಎಲ್ಲಿ ಕೊನೆ ಅಂತ ಗುರುತು ಹಾಕಬೇಕು. ಒಂದು ಮಗು ಹತ್ತು ಸೆಕೆಂಡಿನಲ್ಲಿ ಹತ್ತಿ ಇಳಿಯುವ ದಾರಿಯ ಹಿಂದೆ ಯಾರದೋ ಎರಡು ಭಾನುವಾರಗಳು ಇರುತ್ತವೆ.

ಮಗಳನ್ನು ಕರೆದುಕೊಂಡು ಒಂದು ಚಳಿಗಾಲ ನೋಡಲು ಹೋಗಿದ್ದೆ. ಬಂಡೆ ಹತ್ತುವವರನ್ನು ಅವಳು ನೋಡಿದಳು, ನಾನು ಉಳಿದವರನ್ನು ನೋಡಿದೆ. ಒಬ್ಬರು ಬೆವರುತ್ತ ಪ್ಯಾಡ್ ಎಳೆದು ಜಾಗ ಬದಲಿಸುತ್ತಿದ್ದರು. ಒಬ್ಬರು ಸ್ಟಾಪ್‌ವಾಚ್ ಹಿಡಿದು ಎಷ್ಟನೇ ಪ್ರಯತ್ನ ಅಂತ ಬರೆದುಕೊಳ್ಳುತ್ತಿದ್ದರು. ನೀರಿನ ಕ್ಯಾನ್ ಹೊತ್ತು ತಂದವರಿಗೆ ಐವತ್ತು ದಾಟಿರಬೇಕು. ಸೋಮವಾರ ಬೆಳಿಗ್ಗೆ ಇವರೆಲ್ಲ ನಮ್ಮ ಹಾಗೆಯೇ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವವರು. ಪಕ್ಕದಲ್ಲಿದ್ದವರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ‘ಎಕ್ಸೆಲ್ ಯೇತೆ ಕಾ?’ ಅಂತ ಮರಾಠಿಯಲ್ಲಿ ಕೇಳಿದರು. ಹದಿನೈದು ವರ್ಷದ ಐಟಿ ಅನುಭವಕ್ಕೆ ಇಷ್ಟು ನೇರ ಸಂದರ್ಶನ ಎಂದೂ ಆಗಿರಲಿಲ್ಲ. ಸಂಜೆಯವರೆಗೆ ಅಂಕ ತುಂಬಿದೆ.

2016ರಲ್ಲಿ ಇದೇ ಕ್ಲಬ್ಬಿನ ಮುಂದಾಳತ್ವದಲ್ಲಿ ನವಿಮುಂಬಯಿಗೆ ಬೋಲ್ಡರಿಂಗ್ ವಿಶ್ವಕಪ್ ಬಂತು. 2017ರಲ್ಲಿ ಇನ್ನೊಮ್ಮೆ. ಜಪಾನ್, ಯುರೋಪಿನ ಘಟಾನುಘಟಿಗಳು ಇಲ್ಲಿನ ಸೆಕೆಯಲ್ಲಿ ಕೈಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು ಹತ್ತಿದರು. ಆರೋಹಣ ಒಲಿಂಪಿಕ್ಸ್ ಆಟವಾಗುತ್ತದೆ ಅಂತ ತೀರ್ಮಾನವಾದದ್ದೂ 2016ರಲ್ಲೇ. ಕೆಲಸ ಮಾಡಿ ಉಳಿದ ಹೊತ್ತಿನಲ್ಲಿ ಗುಡ್ಡ ಹತ್ತುವ ಜನ ವಿಶ್ವಕಪ್ ನಡೆಸಿದ್ದು ಸಣ್ಣ ಮಾತಲ್ಲ. ಆದರೆ ಎರಡು ವರ್ಷದ ಮೇಲೆ ಅದು ಈ ಊರಿಗೆ ಮರಳಲಿಲ್ಲ. ಅಷ್ಟು ದೊಡ್ಡ ಕೂಟಕ್ಕೆ ಬೇಕಾದ ಪ್ರಾಯೋಜಕರ ದುಡ್ಡು ಕ್ರಿಕೆಟ್ ಬಿಟ್ಟು ಇತ್ತ ಹರಿಯುವುದು ನಮ್ಮಲ್ಲಿ ಅಪರೂಪ. ಎಲ್ಲರೂ ನೆನಪಿಡುವುದು ವಿಶ್ವಕಪ್ಪನ್ನು. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದು ಬೇಲಾಪುರದ ವಾರ್ಷಿಕ ಸ್ಪರ್ಧೆ. ಒಂದು ಸಲ ಜಿದ್ದಿಗೆ ಬಿದ್ದು ಏನನ್ನಾದರೂ ಮಾಡಬಹುದು. ಹತ್ತನೇ ವರ್ಷ ಅದೇ ಪಾಚಿ ಕೆರೆಯುವುದಿದೆಯಲ್ಲ, ಅದು ಕಷ್ಟ.

ಅಮೆರಿಕದಲ್ಲೂ ಎಲ್ಲ ಸುಖವಾಗಿಲ್ಲ. ನ್ಯೂ ಇಂಗ್ಲೆಂಡ್ ಪ್ರಾಂತ್ಯವೊಂದರಲ್ಲೇ ಮುಚ್ಚಿಹೋದ ಸ್ಕೀ ಗುಡ್ಡಗಳನ್ನು ಪಟ್ಟಿ ಮಾಡುವ ಉತ್ಸಾಹಿಗಳಿದ್ದಾರೆ, ಪಟ್ಟಿ 600 ದಾಟಿದೆ. ಹಿಮ ಕಡಿಮೆಯಾಗಿದ್ದು ಒಂದು ಕಾರಣ. ಹಿಮ ತಯಾರಿಸುವ ಯಂತ್ರದ ಖರ್ಚು ಸಣ್ಣ ಗುಡ್ಡಕ್ಕೆ ತಡೆಯುವುದಿಲ್ಲ. ಇನ್ನೊಂದು, ವಿಮೆ. ಯಾರೋ ಬಿದ್ದು ಕಾಲು ಮುರಿದುಕೊಂಡು ಕೋರ್ಟಿಗೆ ಹೋದರೆ ಸೂಪ್ ಮಾರಿ ಬಂದ ದುಡ್ಡಿನಲ್ಲಿ ಏನು ಮಾಡುವುದು?

ಇದು ನಮಗೂ ಗೊತ್ತಿರುವ ಪ್ರಶ್ನೆಯೇ. ನಮ್ಮ ಹೌಸಿಂಗ್ ಸೊಸೈಟಿಯ ಹಿಂದಿನ ಗೋಡೆಗೆ ಹತ್ತಡಿ ಎತ್ತರದವರೆಗೆ ಹಿಡಿಕೆಗಳನ್ನು ಬೋಲ್ಟ್ ಮಾಡಿ ಮಕ್ಕಳಿಗೆ ಹತ್ತಲು ಬಿಡೋಣ ಅಂತ ನಾವು ನಾಲ್ಕು ಜನ ಅರ್ಜಿ ಕೊಟ್ಟೆವು. ಖರ್ಚು ನಮ್ಮದೇ, ಪ್ಯಾಡ್ ನಮ್ಮದೇ, ಭಾನುವಾರ ನಿಲ್ಲುವವರೂ ನಾವೇ. ಕಮಿಟಿ ಮೂರು ಸಭೆ ನಡೆಸಿ ‘ಜವಾಬ್ದಾರಿ ಯಾರದು?’ ಅಂತ ಕೇಳಿ ಫೈಲ್ ಮುಚ್ಚಿತು. ಅದೇ ಗೋಡೆಯ ಪಕ್ಕ ಪಾರ್ಕಿಂಗಿನಲ್ಲಿ ಮಕ್ಕಳು ಕಾರುಗಳ ನಡುವೆ ಸೈಕಲ್ ಓಡಿಸುತ್ತಾರೆ. ಅದಕ್ಕೆ ಜವಾಬ್ದಾರಿ ಯಾರದು ಅಂತ ಇವತ್ತಿನವರೆಗೆ ಯಾರೂ ಕೇಳಿಲ್ಲ.

ಆ ಪ್ರಶ್ನೆಗೆ ‘ನಮ್ಮದು’ ಅನ್ನುವವರು ಇಲ್ಲವೇ ಅಂದರೆ ಇದ್ದಾರೆ. ಮಳೆಗಾಲದ ವಾರಾಂತ್ಯ ಮುಂಬಯಿ ಪೂರ್ತಿ ಲೋಣಾವಳ, ಕರ್ಜತ್ ಕಡೆ ಹೊರಡುತ್ತದೆ. ಜಾರಿ ಬಿದ್ದವರನ್ನು, ದಾರಿ ತಪ್ಪಿದವರನ್ನು ಹುಡುಕಿ ತರುವವರು ಲೋಣಾವಳದ ಶಿವದುರ್ಗ ಮಿತ್ರ, ಖೋಪೋಲಿಯ ಯಶವಂತಿ ಹೈಕರ್ಸ್‌ನಂಥ ಗುಂಪುಗಳು. ಅವರೂ ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುವವರೇ. 2023ರ ಜುಲೈ 19ರ ರಾತ್ರಿ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿದಾಗ ವಾಹನ ಹೋಗುವ ರಸ್ತೆಯೇ ಇರಲಿಲ್ಲ. ಕತ್ತಲಲ್ಲಿ, ಮಳೆಯಲ್ಲಿ ಏರಬೇಕಿತ್ತು. ಏರಿದವರಲ್ಲಿ ಇಂಥ ಚಾರಣಿಗರೂ ಇದ್ದರು.

ನಮ್ಮ ಕನ್ನಡದವರಿಗೆ ಈ ಜಾತಿಯ ಕೆಲಸ ಹೊಸತೇನಲ್ಲ. ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಊರ ಹುಡುಗರಿಗೆ ಈ ನಗರದಲ್ಲಿ ಕನ್ನಡ ರಾತ್ರಿಶಾಲೆಗಳು ನಡೆದವು. ಹಗಲು ಆಫೀಸಿನಲ್ಲಿ ದುಡಿದು ಸಂಜೆ ಪಾಠ ಹೇಳಿದವರಿದ್ದರು. 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ, ಎರಡೂ ಮಾಟುಂಗದಲ್ಲಿ ಇವತ್ತಿಗೂ ನಿಂತಿರುವುದು ಕುರ್ಚಿ ಜೋಡಿಸುವವರು ಸಿಕ್ಕಿದ್ದರಿಂದ. ಈಗ ಸಂಘಗಳ ಕಾರ್ಯಕ್ರಮಕ್ಕೆ ಹೋದರೆ ಕುರ್ಚಿ ಜೋಡಿಸುವವರ ತಲೆ ಪೂರ್ತಿ ಬಿಳಿ. ನಮ್ಮ ವಯಸ್ಸಿನವರು ಕೊನೆಯ ಸಾಲಿನಲ್ಲಿ ಮೊಬೈಲ್ ಹಿಡಿದು ಕೂತಿರುತ್ತೇವೆ. ಸಮಯವಿಲ್ಲ ಅನ್ನುತ್ತೇವೆ. ಏರೋಳಿಯಿಂದ ಮನೆಗೆ ಬರುವಷ್ಟರಲ್ಲಿ ಜೀವ ಹೋಗಿರುತ್ತದೆ ನಿಜ. ಆದರೆ ಚಂದಾ ಕೊಡಲು ಕೇಳಿದರೆ ತಕ್ಷಣ ಯುಪಿಐ ಮಾಡುತ್ತೇವೆ, ಬಂದು ನಿಲ್ಲಿ ಅಂದರೆ ಮಾತ್ರ ಕ್ಯಾಲೆಂಡರ್ ನೋಡುತ್ತೇವೆ. ಪ್ಯಾಡ್ ಎಳೆಯುವ ಕೆಲಸವನ್ನು ಯುಪಿಐ ಮಾಡುವುದಿಲ್ಲ.

ಈ ಚಳಿಗಾಲ ಬಂಡೆ ಹತ್ತುವ ಕೂಟ ಎಲ್ಲಾದರೂ ನಡೆದರೆ ನೀವೂ ಬನ್ನಿ. ಹತ್ತಲು ಬರಬೇಕೆಂದಿಲ್ಲ, ನನಗೂ ಬರುವುದಿಲ್ಲ. ಎಕ್ಸೆಲ್ ಬಂದರೆ ಸಾಕು. ಅದೂ ಬೇಡವೆಂದರೆ ನೀರಿನ ಕ್ಯಾನ್ ಇದ್ದೇ ಇದೆ. ಟೋಪಿ ತನ್ನಿ, ಬಂಡೆಯ ಹತ್ತಿರ ನೆರಳು ಬೆಳಿಗ್ಗೆ ಹತ್ತರವರೆಗೆ ಮಾತ್ರ.