ಯಂತ್ರದ ಧೈರ್ಯವೂ ಕನ್ನಡದ ಪರ್ಯಾಯಗಳೂ

ಪಠ್ಯವನ್ನು ರಚಿಸುವ ಗಣಕಯಂತ್ರದ ಮಾದರಿಯು ತಾನು ಆಯ್ದ ಪ್ರತಿಯೊಂದು ಪದಕ್ಕೂ ಒಂದು ಸಂಭವನೀಯತೆಯನ್ನು ನಿಗದಿಪಡಿಸುತ್ತದೆ. ಆ ಅಂಕಿ ದೊಡ್ಡದಾದರೆ ವಾಕ್ಯ ಉತ್ತಮ, ಚಿಕ್ಕದಾದರೆ ಸಂಶಯಾಸ್ಪದ ಎಂದೆಣಿಸುವ ವಾಡಿಕೆ ಬೆಳೆದಿದೆ. ಕನ್ನಡದ ಮಟ್ಟಿಗೆ ಈ ಅಳತೆಗೋಲನ್ನು ಹಾಗೆಯೇ ಒಪ್ಪಲಾಗದು.

‘ಅವನು ವಿಲೆ ಪಾರ್ಲೆಯಿಂದ ಅಂಧೇರಿಗೆ’ ಎಂಬಲ್ಲಿ ವಾಕ್ಯ ನಿಂತಿದೆಯೆನ್ನೋಣ. ಮುಂದೆ ‘ಹೋದನು’, ‘ಹೋದ’, ‘ತೆರಳಿದನು’, ‘ಹೊರಟನು’ ಇವುಗಳಲ್ಲಿ ಯಾವುದು ಬಂದರೂ ಸರಿಯೇ. ಯಂತ್ರದ ವಿಶ್ವಾಸವು ಇವುಗಳ ನಡುವೆ ಹಂಚಿಹೋಗುವುದರಿಂದ ಒಂದೊಂದರ ಪಾಲೂ ಕಿರಿದಾಗುತ್ತದೆ. ಭಾಷೆಯ ಸಮೃದ್ಧಿ ಇಲ್ಲಿ ಯಂತ್ರದ ಅಜ್ಞಾನದಂತೆ ತೋರುತ್ತದೆ. ಇದಕ್ಕೆ ಪ್ರತಿಯಾಗಿ, ಬಳಸಿ ಸವೆದ ಪದಗುಚ್ಛವೊಂದನ್ನು ಯಂತ್ರವು ತುಂಬು ಧೈರ್ಯದಿಂದ ಬರೆಯುತ್ತದೆ. ಒಳಗಿನ ಇಸವಿ ತಪ್ಪಾಗಿದ್ದರೂ ಆ ಧೈರ್ಯ ಕುಗ್ಗಬೇಕೆಂದಿಲ್ಲ. (ಅಂಥ ಬರಹಗಾರರು ಯಂತ್ರಕ್ಕೆ ಮುಂಚೆಯೂ ಇದ್ದರು.)

ಮುಂಚೂಣಿಯ ಪರ್ಯಾಯಗಳ ಪಾಲನ್ನೆಲ್ಲ ಒಟ್ಟುಗೂಡಿಸಿ ಅಳೆಯುವ ವಿಧಾನಗಳನ್ನು ಸಂಶೋಧಕರು ಸೂಚಿಸಿದ್ದಾರೆ. ಮಾರ್ಗ ವಿವೇಕಯುತವಾದುದೇ. ಆದರೆ ಅದು ಕನ್ನಡಕ್ಕೆ ಎಷ್ಟು ಸಲ್ಲುತ್ತದೆಂಬುದನ್ನು ತಿಳಿಯಲು ಕನ್ನಡ ಬಲ್ಲವರು ಅಂಕ ಹಾಕಿದ ವಾಕ್ಯರಾಶಿ ಬೇಕು. ಯಂತ್ರಾನುವಾದದ ಅಂತರರಾಷ್ಟ್ರೀಯ ಸಮ್ಮೇಳನವಾದ ಡಬ್ಲ್ಯು.ಎಂ.ಟಿ.ಯ ಗುಣಮಟ್ಟ ಅಂದಾಜಿನ ಸ್ಪರ್ಧೆಗೆ 2022ರಲ್ಲಿ ಮರಾಠಿ ಸೇರಿತು. 2023ರಲ್ಲಿ ಹಿಂದಿ, ಗುಜರಾತಿ, ತಮಿಳು, ತೆಲುಗುಗಳೂ ಬಂದವು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಪಾರ್ಲೆಯ ಬೀದಿಯಲ್ಲಿ ಕಿವಿಗೆ ಬೀಳುವ ನೆರೆಭಾಷೆಗಳೆರಡಕ್ಕೂ ದೊರೆತ ಅಳತೆ ಅಲ್ಲಿನ ಕನ್ನಡಿಗನ ಮಾತಿಗೆ ದೊರೆಯಲಿಲ್ಲ.

ಇದು ಎಂಜಿನಿಯರರಷ್ಟೇ ಮಾಡಬಲ್ಲ ಕೆಲಸವಲ್ಲ. ‘ತೆರಳಿದನು’ ಎಲ್ಲಿ ಒಪ್ಪುತ್ತದೆ, ‘ಹೋದ’ ಎಲ್ಲಿ ಸಾಕು ಎಂಬ ನಿರ್ಣಯ ಭಾಷಾವಿದ್ಯಾರ್ಥಿಯದು. ಪಾರ್ಲೆಗೆ ಸಮೀಪದ ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಸೇರಿದಂತೆ, ಕನ್ನಡ ವಿಭಾಗಗಳು ಸ್ನಾತಕೋತ್ತರ ವಿದ್ಯಾರ್ಥಿಗಳಿಂದ ಕೆಲವು ಸಾವಿರ ಯಂತ್ರವಾಕ್ಯಗಳಿಗೆ ಅಂಕ ಹಾಕಿಸುವುದು ಅಸಾಧ್ಯವೇನಲ್ಲ.